ಎರಡು ನುಡಿಗಳ ತೊಟ್ಟಿಲು: ಒಂದು ತಪ್ಪು ಸಲಹೆಯ ಇತಿಹಾಸ

(ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಮೆರಿಕದ ಕನ್ನಡ ಕೂಟಗಳಲ್ಲಿ ಭಾಷಣ ಮುಗಿದು ಊಟದ ಸರದಿಯಲ್ಲಿ ತಟ್ಟೆ ಹಿಡಿದು ನಿಂತಿರುವಾಗ, ತರುಣ ತಂದೆಯೋ ತಾಯಿಯೋ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ. “ಮಗುವಿಗೆ ಎರಡು ವರ್ಷ ತುಂಬಿತು, ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷು. ಎರಡೂ ಸೇರಿ ಗೊಂದಲವಾಗಿದೆ, ಕನ್ನಡ ನಿಲ್ಲಿಸಿ ಅಂತ ಹೇಳಿದ್ದಾರೆ. ಏನು ಮಾಡೋಣ?” ಹಾಗೆ ಹೇಳಿದವರು ಶಾಲೆಯವರಿರಬಹುದು, ವೈದ್ಯರಿರಬಹುದು, ನೆರೆಮನೆಯವರಿರಬಹುದು, ಒಮ್ಮೊಮ್ಮೆ ಬೆಂಗಳೂರಿನಿಂದ ಫೋನಿನಲ್ಲಿ ಮಾತನಾಡಿದ ಸ್ವಂತ ಅಣ್ಣನೇ ಇರಬಹುದು. ಈ ಮಾತು ಕೇಳಿದ ರಾತ್ರಿಯಿಂದಲೇ ಮನೆಯ ಭಾಷೆಯನ್ನು ಬದಲಿಸಿಕೊಂಡ ಕುಟುಂಬಗಳನ್ನು ನಾವೆಲ್ಲರೂ ಬಲ್ಲೆವು. ಐದಾರು ವರ್ಷಗಳ ತರುವಾಯ ಊರಿನಿಂದ ಬಂದ ಅಜ್ಜಿ, ಆರು ತಿಂಗಳ ಕಾಲ ಮೊಮ್ಮಗುವಿನ ಎದುರು ಕುಳಿತು ನಗುವುದನ್ನುಳಿದು ಬೇರೇನೂ ಮಾಡಲಾಗದೆ ಹಿಂತಿರುಗಿದುದನ್ನೂ ಬಲ್ಲೆವು.

ಎಲ್ಲ ಸಲಹೆಗಳಂತೆ ಈ ಸಲಹೆಗೂ ಹುಟ್ಟಿದ ಊರಿದೆ, ಹುಟ್ಟಿದ ಕಾಲವಿದೆ. ಅದು ಮಕ್ಕಳ ಮಾತನ್ನು ಮನೆಯೊಳಗೆ ಕುಳಿತು ಆಲಿಸಿದವರಿಂದ ಬಂದುದಲ್ಲ. ಪರಭಾಷಿಕರನ್ನು ಕಂಡು ಅಂಜಿದ ಕಾಲವೊಂದರಲ್ಲಿ, ಮಕ್ಕಳಿಗೆ ತಿಳಿಯದ ಭಾಷೆಯಲ್ಲಿ ಪರೀಕ್ಷೆ ಕೊಟ್ಟವರಿಂದ ಬಂದುದು. ಆಲಿಸಿದವರ ಕಥೆ ಬೇರೆಯೇ ಇದೆ. ಈ ಎರಡು ಕಥೆಗಳನ್ನೂ ಜೊತೆಜೊತೆಯಾಗಿ ನೋಡುವುದು ಇಂದಿನ ನಮ್ಮ ಉದ್ದೇಶ.

ಮಗುವಿಗೆ ಮಾತು ಎಲ್ಲಿಂದ ಬರುತ್ತದೆ ಎಂಬ ಕುತೂಹಲವಂತೂ ಪುರಾತನವಾದುದು. ಮಾತೇ ಕೇಳದಂತೆ ಎರಡು ಕೂಸುಗಳನ್ನು ಕುರುಬನೊಬ್ಬನ ಬಳಿ ಬೆಳೆಸಿ, ಅವು ಮೊದಲು ಆಡುವ ಪದ ಯಾವ ಭಾಷೆಯದೆಂದು ಕಾದು ನೋಡಿದ ಈಜಿಪ್ಟಿನ ದೊರೆಯ ಕಥೆಯನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಹೇಳುತ್ತಾನೆ. ಅದು ಕಥೆಯೋ ನಿಜವೋ, ಬಿಡೋಣ. ನಮ್ಮ ದೇಶದ ನಿದರ್ಶನವೇ ಇದೆ. ಮಾತು ಕಿವಿಯಿಂದಲೇ ಬರತಕ್ಕದ್ದು, ಕೇಳದವರಿಗೆ ಅದು ಬಾರದು ಎಂಬುದು ಮೊಗಲ್ ದೊರೆ ಅಕ್ಬರನ ಅಭಿಪ್ರಾಯವಾಗಿತ್ತು. ಅದನ್ನು ಸಿದ್ಧಪಡಿಸಲು ಅವನು ಪ್ರತ್ಯೇಕವಾದ ಮನೆಯೊಂದನ್ನು ಕಟ್ಟಿಸಿ, ಹಸುಗೂಸುಗಳನ್ನು ಅಲ್ಲಿರಿಸಿ, ಬಾಯಿ ಬಿಡಬಾರದೆಂಬ ಕಟ್ಟಳೆಯೊಡನೆ ದಾದಿಯರನ್ನು ನೇಮಿಸಿದನು. 1582ರಲ್ಲಿ ತಾನೇ ಹೋಗಿ ನೋಡಿದಾಗ ಆ ಮಕ್ಕಳ ಬಾಯಿಂದ ಮೂಕರ ಸದ್ದಲ್ಲದೆ ಮಾತೆಂಬುದು ಹೊರಡಲಿಲ್ಲವೆಂದು ಅಬುಲ್ ಫಜಲನು ‘ಅಕ್ಬರ್‌ನಾಮಾ’ದಲ್ಲಿ ದಾಖಲಿಸಿದ್ದಾನೆ. ಜನರು ಆ ಮನೆಯನ್ನು ‘ಗುಂಗ್ ಮಹಲ್’, ಅಂದರೆ ಮೂಕರ ಮಹಲು ಎಂದು ಕರೆದರು. ಆ ಕೂಸುಗಳಿಗೆ ಅನ್ನವಿತ್ತು, ಹಾಲಿತ್ತು, ಆರೈಕೆಯಿತ್ತು. ಇಲ್ಲದಿದ್ದುದು ಒಂದೇ: ತಮ್ಮೊಡನೆ ಮಾತನಾಡುವ ಮನುಷ್ಯರು. ದೊರೆಯ ತೀರ್ಮಾನ ಸರಿಯಾಗಿಯೇ ಇತ್ತು. ಅದಕ್ಕೆ ಆ ಮಕ್ಕಳು ತೆತ್ತ ಬೆಲೆಯನ್ನು ಯಾರೂ ಲೆಕ್ಕವಿಡಲಿಲ್ಲ.

ಕ್ರೌರ್ಯವಿಲ್ಲದೆ ಇದೇ ವಿಷಯವನ್ನು ಅರಿಯುವ ದಾರಿಯನ್ನು ಹತ್ತೊಂಬತ್ತನೆಯ ಶತಮಾನ ಕಂಡುಕೊಂಡಿತು. ತೊಟ್ಟಿಲ ಪಕ್ಕದಲ್ಲಿ ಒಂದು ದಿನಚರಿ ಪುಸ್ತಕವನ್ನಿರಿಸಿಕೊಂಡರಾಯಿತು. ಚಾರ್ಲ್ಸ್ ಡಾರ್ವಿನನು 1839ರಲ್ಲಿ ಹುಟ್ಟಿದ ತನ್ನ ಹಿರಿಯ ಮಗನ ಬೆಳವಣಿಗೆಯನ್ನು ಬರೆದಿಟ್ಟುಕೊಂಡು, ಅದನ್ನು 1877ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ಮಗು ಒಂದು ವರ್ಷ ತುಂಬಿದಾಗ ಆಹಾರಕ್ಕೆಂದು ತಾನೇ ಹುಟ್ಟಿಸಿಕೊಂಡ ಪದ ‘ಮಮ್’. ‘ಮಮ್ಮು’ ಎಂದು ತುತ್ತಿಡುವ ನಮ್ಮ ತಾಯಂದಿರು ಇದನ್ನು ಓದಿದರೆ, ಇದರಲ್ಲಿ ಅಷ್ಟು ದೊಡ್ಡ ಸಂಶೋಧನೆಯೇನು ಬಂತು ಎಂದಾರು. ಡಾರ್ವಿನನ ಅನಂತರ ಜರ್ಮನಿಯಲ್ಲಿ ಪ್ರೈಯರ್, ಕ್ಲಾರಾ ಮತ್ತು ವಿಲಿಯಂ ಸ್ಟರ್ನ್ ದಂಪತಿಗಳು ಇಂಥ ದಿನಚರಿಗಳನ್ನೇ ಆಧರಿಸಿ ಗ್ರಂಥಗಳನ್ನು ರಚಿಸಿದರು.

ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ದಿನಚರಿ ಫ್ರಾನ್ಸಿನದು. ಭಾಷಾವಿಜ್ಞಾನಿ ಜೂಲ್ ರೊಂಜಾ ಫ್ರೆಂಚರು. ಪತ್ನಿಯ ತಾಯ್ನುಡಿ ಜರ್ಮನ್. 1908ರಲ್ಲಿ ಅವರಿಗೆ ಲೂಯಿ ಎಂಬ ಮಗ ಹುಟ್ಟಿದಾಗ ರೊಂಜಾ ತಮ್ಮ ವಿದ್ವನ್ಮಿತ್ರ ಮೋರಿಸ್ ಗ್ರಾಮೋಂರ ಸಲಹೆಯನ್ನು ಕೇಳಿದರು. ಊಟದ ಸರದಿಯಲ್ಲಿ ಕೇಳುವ ಅದೇ ಪ್ರಶ್ನೆ, ಶತಮಾನಕ್ಕೂ ಹಿಂದೆ! ಗ್ರಾಮೋಂರ ಉತ್ತರದ ಸಾರ ಸರಳವಾಗಿತ್ತು: ಮಗುವಿಗೆ ಏನನ್ನೂ ‘ಕಲಿಸ’ಬೇಕಾಗಿಲ್ಲ, ಹೇಳಬೇಕಾದುದಿದ್ದಾಗ ತಂದೆ ತನ್ನ ಭಾಷೆಯಲ್ಲಿಯೂ ತಾಯಿ ತನ್ನ ಭಾಷೆಯಲ್ಲಿಯೂ ಹೇಳುತ್ತ ಹೋದರೆ ಸಾಕು. ಹಾಗೆಯೇ ನಡೆಯಿತು. 1913ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ರೊಂಜಾರ ಗ್ರಂಥ, ಮಗು ಎರಡು ಭಾಷೆಗಳ ಉಚ್ಚಾರವನ್ನೂ ವ್ಯಾಕರಣವನ್ನೂ ಬೇರೆಬೇರೆಯಾಗಿ, ತೊಡಕಿಲ್ಲದೆ ರೂಢಿಸಿಕೊಂಡ ಬಗೆಯನ್ನು ವಿವರಿಸಿತು. ‘ಒಬ್ಬರಿಗೆ ಒಂದು ಭಾಷೆ’ ಎಂದು ಇಂದು ಪುಸ್ತಕಗಳು ಹೇಳುವ ಸೂತ್ರದ ಮೂಲ ಇದೇ.

ಆದರೆ ಈ ಗ್ರಂಥವನ್ನು ಓದಬೇಕಾಗಿದ್ದವರು ಆ ಕಾಲದಲ್ಲಿ ಬೇರೆ ಕೆಲಸದಲ್ಲಿದ್ದರು. ಅದೇ 1913ರಲ್ಲಿ ಹೆನ್ರಿ ಗಾಡರ್ಡ್ ಎಂಬ ಅಮೆರಿಕದ ಮನೋವಿಜ್ಞಾನಿ ತನ್ನ ಸಹಾಯಕರನ್ನು ನ್ಯೂಯಾರ್ಕಿನ ಎಲ್ಲಿಸ್ ದ್ವೀಪಕ್ಕೆ ಕಳುಹಿಸಿ, ಹಡಗಿನಿಂದ ಆಗತಾನೆ ಇಳಿದ ಬಡ ವಲಸೆಗಾರರಿಗೆ ದುಭಾಷಿಗಳ ಮೂಲಕ ಬುದ್ಧಿಮತ್ತೆಯ ಪರೀಕ್ಷೆಗಳನ್ನು ಮಾಡಿಸಿದನು. ಪರೀಕ್ಷಿಸಲ್ಪಟ್ಟ ಯಹೂದಿ, ಹಂಗೇರಿಯನ್, ಇಟಾಲಿಯನ್, ರಷ್ಯನ್ ಗುಂಪುಗಳಲ್ಲಿ ಬಹುಸಂಖ್ಯಾತರು ಮಂದಬುದ್ಧಿಯವರೆಂಬ ಫಲಿತಾಂಶವನ್ನು 1917ರಲ್ಲಿ ಪ್ರಕಟಿಸಿದನು. ವಾರಗಟ್ಟಲೆ ಹಡಗಿನ ತಳದಲ್ಲಿ ತೊಳಲಿ, ಅರಿಯದ ನೆಲದಲ್ಲಿ, ಸಮವಸ್ತ್ರದವರ ನಡುವೆ ನಿಂತು ಒಗಟಿಗೆ ಉತ್ತರ ಹೇಳಬೇಕಾದ ಮನುಷ್ಯನ ಬುದ್ಧಿ ಎಷ್ಟು ಚುರುಕಾಗಿದ್ದೀತು ಎಂಬ ಯೋಚನೆ ಆ ಲೆಕ್ಕದಲ್ಲಿ ಸೇರಲಿಲ್ಲ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಜರ್ಮನ್ ಭಾಷೆ ಶತ್ರುವಿನ ಭಾಷೆಯಾಯಿತು. 1918ರ ಮೇ ತಿಂಗಳಲ್ಲಿ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ಹೊರಡಿಸಿದ ಘೋಷಣೆಯ ಪ್ರಕಾರ ಶಾಲೆಗಳಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ರೈಲುಗಳಲ್ಲಿ, ಟೆಲಿಫೋನಿನಲ್ಲಿ, ಚರ್ಚಿನಲ್ಲಿ ಸಹ ಇಂಗ್ಲಿಷಲ್ಲದೆ ಬೇರೆ ಭಾಷೆ ಕೇಳಿಬರಕೂಡದು. ಇಂಗ್ಲಿಷ್ ಬಾರದವರು ತಮ್ಮ ಮನೆಯಲ್ಲಿಯೇ ದೇವರ ಪ್ರಾರ್ಥನೆ ಮಾಡಿಕೊಳ್ಳತಕ್ಕದ್ದು. ನೆಬ್ರಾಸ್ಕಾ ರಾಜ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಯಾವ ಶಾಲೆಯಲ್ಲಿಯೂ ಪರಭಾಷೆಯನ್ನು ಕಲಿಸಬಾರದೆಂದು 1919ರಲ್ಲಿ ಕಾಯಿದೆಯನ್ನೇ ಮಾಡಿತು. ಮರುವರ್ಷ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯರು ಚರ್ಚಿನ ಶಾಲೆಯೊಂದರಲ್ಲಿ ಹತ್ತು ವರ್ಷದ ಹುಡುಗನಿಗೆ ಬೈಬಲಿನ ಕಥೆಗಳನ್ನು ಜರ್ಮನ್ ಭಾಷೆಯಲ್ಲಿ ಓದಿಸುತ್ತಿದ್ದಾಗ ಸಿಕ್ಕಿಬಿದ್ದು 25 ಡಾಲರ್ ದಂಡಕ್ಕೆ ಗುರಿಯಾದರು. ಅವರು ದಂಡ ತೆತ್ತು ಸುಮ್ಮನಾಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1923ರ ಜೂನ್ ನಾಲ್ಕರಂದು ಆ ಕಾಯಿದೆ ಅಸಿಂಧುವೆಂದು ತೀರ್ಪು ಬಂದಿತು. ಇಂದು ನಮ್ಮ ಕೂಟಗಳು ಭಾನುವಾರದ ಕನ್ನಡ ತರಗತಿಗಳನ್ನು ನಿರಾತಂಕವಾಗಿ ನಡೆಸುವುದರ ಹಿಂದೆ ಈ ಉಪಾಧ್ಯಾಯರ ಹಟವೂ ಇದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ?

ಆದರೆ ಕಾಯಿದೆ ಬಿದ್ದುಹೋದರೂ ಅಂಜಿಕೆ ಬೀಳಲಿಲ್ಲ. ಅದು ವಿಜ್ಞಾನದ ಉಡುಪನ್ನು ತೊಟ್ಟಿತು. 1923ರಲ್ಲಿಯೇ ಬ್ರಿಟನ್ನಿನಲ್ಲಿ ಡಿ. ಜೆ. ಸೇರ್ ಎಂಬ ಸಂಶೋಧಕರು ವೇಲ್ಸಿನ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ, ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಹಳ್ಳಿಯ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದುಳಿದಿದ್ದಾರೆಂದೂ ಅದಕ್ಕೆ ಮಾನಸಿಕ ಗೊಂದಲವೇ ಕಾರಣವೆಂದೂ ಬರೆದರು. ಪಟ್ಟಣದ ಮಕ್ಕಳಲ್ಲಿ ಈ ಅಂತರ ಕಾಣಿಸಲಿಲ್ಲವೆಂಬುದೂ ಅವರದೇ ಅಂಕಿ-ಅಂಶಗಳಲ್ಲಿತ್ತು. ಎರಡು ಭಾಷೆಗಳೇ ದೋಷಕ್ಕೆ ಕಾರಣವಾಗಿದ್ದರೆ ಪಟ್ಟಣದಲ್ಲಿ ಮಾತ್ರ ಅದು ಮಾಯವಾದುದೇಕೆ? ಇಂಗ್ಲಿಷು ಕಿವಿಗೆ ಬೀಳುವ ಅವಕಾಶ, ಮನೆಯ ಅನುಕೂಲ, ಶಾಲೆಯ ಗುಣ ಇವುಗಳನ್ನು ವಿಚಾರಿಸುವ ಬದಲು ‘ಗೊಂದಲ’ ಎಂಬ ಒಂದು ಪದವನ್ನೇ ಮುಂದಿನವರು ಎತ್ತಿಕೊಂಡರು. ಇಂದು ಊಟದ ಸರದಿಯಲ್ಲಿ ನಾವು ಕೇಳುವ ಪದವೂ ಅದೇ ಎಂಬುದನ್ನು ಗಮನಿಸಬೇಕು.

1926ರಲ್ಲಿ ಫ್ಲಾರೆನ್ಸ್ ಗುಡಿನಫ್ ಅಮೆರಿಕದ ವಲಸೆಗಾರರ ಮಕ್ಕಳನ್ನು ಕುರಿತು ಬರೆದ ಲೇಖನ ಇನ್ನೂ ವಿಚಿತ್ರವಾದುದು. ಮನೆಯಲ್ಲಿ ಪರಭಾಷೆ ಹೆಚ್ಚಾಗಿದ್ದಷ್ಟೂ ಆ ಜನಾಂಗದ ಮಕ್ಕಳ ಅಂಕ ಕಡಿಮೆಯೆಂದು ಕಂಡುಕೊಂಡ ಆಕೆ ಅದಕ್ಕೆ ಎರಡು ವಿವರಣೆಗಳನ್ನು ಮುಂದಿಟ್ಟರು: ಒಂದೋ ಮನೆಯ ಪರಭಾಷೆಯೇ ಮಕ್ಕಳ ಬುದ್ಧಿಯನ್ನು ಕುಂಠಿತಗೊಳಿಸುತ್ತದೆ; ಇಲ್ಲವೇ, ಬುದ್ಧಿ ಕಡಿಮೆಯಿರುವ ಜನಾಂಗಗಳೇ ಹೊಸ ಭಾಷೆಯನ್ನು ಬೇಗ ಕಲಿಯುವುದಿಲ್ಲ. ಅವರ ಒಲವು ಎರಡನೆಯದರ ಕಡೆಗಿತ್ತು. ಹೇಗೆ ಹೊರಳಿಸಿದರೂ ತಪ್ಪು ವಲಸೆ ಬಂದ ಮನೆಯದೇ! ಈ ಬಗೆಯ ವಾದಗಳ ಹಿನ್ನೆಲೆಯಲ್ಲಿಯೇ 1924ರ ವಲಸೆ ಕಾಯಿದೆ ಜಾರಿಗೆ ಬಂದಿತ್ತು. ದಕ್ಷಿಣ ಹಾಗೂ ಪೂರ್ವ ಯೂರೋಪಿನವರ ಸಂಖ್ಯೆಯನ್ನು ಅದು ಕತ್ತರಿಸಿತು. ಏಷ್ಯದವರಿಗೆ ಬಾಗಿಲನ್ನೇ ಮುಚ್ಚಿತು. ನಮ್ಮವರಿಗೆ ಆ ಬಾಗಿಲು ನಿಜವಾಗಿ ತೆರೆದದ್ದು 1965ರ ಕಾಯಿದೆಯಿಂದ. ‘ಮನೆಮಾತನ್ನು ಬಿಡಿ’ ಎಂಬ ಸಲಹೆಯೂ ‘ನೀವು ಬರಬೇಡಿ’ ಎಂಬ ಕಾಯಿದೆಯೂ ಒಂದೇ ಕಾಲದ ಒಡಹುಟ್ಟುಗಳು.

ಇದೇ ಕಾಲದಲ್ಲಿ ಶಿಕಾಗೋ ಸಮೀಪದ ಎವನ್‌ಸ್ಟನ್ನಿನಲ್ಲಿ ಒಬ್ಬ ತಂದೆ ರೊಂಜಾರ ಹಾದಿಯನ್ನು ಹಿಡಿದಿದ್ದರು. ಅವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ವರ್ನರ್ ಲಿಯೊಪೋಲ್ಡ್. ನಮ್ಮಂಥ ವಲಸೆಗಾರರ ದೃಷ್ಟಿಯಿಂದ ಇಡೀ ಇತಿಹಾಸದಲ್ಲಿ ಅತ್ಯಂತ ಬೆಲೆಯುಳ್ಳ ದಾಖಲೆ ಇವರದೆಂದು ನಮ್ಮ ಭಾವನೆ. 1930ರಲ್ಲಿ ಹುಟ್ಟಿದ ಮಗಳು ಹಿಲ್ಡೆಗಾರ್ಡಳೊಡನೆ ಅವರು ಜರ್ಮನ್ ಭಾಷೆಯಲ್ಲಿ ಮಾತ್ರ ಮಾತನಾಡುತ್ತಿದ್ದರು. ತಾಯಿ ಮಾತನಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಆ ಮಗು ಆಡಿದ್ದನ್ನೆಲ್ಲ ಬರೆದಿಟ್ಟು, 1939ರಿಂದ 1949ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಜರ್ಮನ್ ಭಾಷೆ ಎರಡನೆಯ ಬಾರಿ ಶತ್ರುವಿನ ಭಾಷೆಯಾಗಿದ್ದ ವರ್ಷಗಳವು.

ಮೊದಲ ಎರಡು ವರ್ಷ ಹಿಲ್ಡೆಗಾರ್ಡ್ ಎರಡು ಭಾಷೆಗಳ ಪದಗಳನ್ನೂ ಒಂದೇ ಬುಟ್ಟಿಯಿಂದ ತೆಗೆದಂತೆ ಬೆರೆಸಿ ಆಡಿದಳು. ‘ಗೊಂದಲ’ ಎಂದು ಜನ ಹೆದರುವುದು ಈ ಘಟ್ಟವನ್ನು ಕಂಡೇ. ಲಿಯೊಪೋಲ್ಡ್ ಹೆದರದೆ ಬರೆಯುತ್ತ ಹೋದರು. ಮೂರನೆಯ ವರ್ಷದಿಂದ ಮುಂದೆ ಇದು ಅಪ್ಪನ ಮಾತು, ಇದು ಅಮ್ಮನ ಮಾತು ಎಂಬ ವಿಂಗಡಣೆ ತಾನಾಗಿಯೇ ಮೂಡಿತು. ಕಥೆ ಹೇಳುವಾಗ ಒಂದು ಪದ ಬದಲಾದರೂ ಸಿಡುಕುವ ಇತರ ಮಕ್ಕಳಂತೆ ಅವಳು ಹಟ ಹಿಡಿಯಲಿಲ್ಲವೆಂಬುದನ್ನೂ ಅವರು ಗಮನಿಸಿದರು. ಒಂದೇ ವಸ್ತುವಿಗೆ ಎರಡು ಹೆಸರುಗಳಿರುವುದನ್ನು ಬಲ್ಲ ಮಗು ಹೆಸರಿಗಿಂತ ಅರ್ಥಕ್ಕೆ ಹೆಚ್ಚು ಗಮನ ಕೊಡುತ್ತದೆಯೆಂದು ಅವರ ಊಹೆ. ಐದನೆಯ ವಯಸ್ಸಿನಲ್ಲಿ ಕುಟುಂಬ ಕೆಲವು ತಿಂಗಳು ಜರ್ಮನಿಯಲ್ಲಿದ್ದಾಗ ನಾಲ್ಕೇ ವಾರಗಳಲ್ಲಿ ಅವಳ ಇಂಗ್ಲಿಷು ಅಡಗಿಹೋಯಿತು. ಅಮೆರಿಕಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಮತ್ತೆ ಹರಿಯತೊಡಗಿತು. ಬೇಸಗೆಯ ರಜೆಯಲ್ಲಿ ಮೈಸೂರಿಗೋ ಹುಬ್ಬಳ್ಳಿಗೋ ಮಕ್ಕಳನ್ನು ಕರೆದೊಯ್ದವರಿಗೆ ಇದು ಹೊಸ ಸಂಗತಿಯೇನಲ್ಲ.

ಲಿಯೊಪೋಲ್ಡರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಗೆದ್ದೆವೆಂದು ಅವರು ಬೀಗಲಿಲ್ಲ. ಆರು ವರ್ಷ ಕಿರಿಯಳಾದ ಎರಡನೆಯ ಮಗಳು ಕಾರ್ಲಾ, ಅಪ್ಪನ ಜರ್ಮನ್ ಮಾತಿಗೆಲ್ಲ ಇಂಗ್ಲಿಷಿನಲ್ಲಿಯೇ ಉತ್ತರ ಕೊಡುತ್ತಿದ್ದಳು. ಅಕ್ಕನಿದ್ದಳು, ಅಕ್ಕನ ಗೆಳತಿಯರಿದ್ದರು, ಮನೆಯ ಗಾಳಿಯೇ ಇಂಗ್ಲಿಷಿನದಾಗಿತ್ತು. ತಂದೆ ಮಾತ್ರ ತನ್ನ ಭಾಷೆಯನ್ನು ಬಿಡಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜರ್ಮನಿಗೆ ಹೋದ ಕಾರ್ಲಾ, ಎಲ್ಲರೂ ಬೆರಗಾಗುವಂತೆ, ಜರ್ಮನ್ ಭಾಷೆಯಲ್ಲಿ ಮಾತನಾಡಿದಳು. ‘ಎರಡನೆಯವನಿಗೆ ಕನ್ನಡ ಬರಲೇ ಇಲ್ಲ, ಕೇಳಿದರೆ ತಿಳಿಯುತ್ತದೆ ಅಷ್ಟೆ’ ಎಂದು ಕೈಚೆಲ್ಲುವ ಮನೆಗಳು ನಮ್ಮಲ್ಲಿ ಬಹಳ. ಆ ‘ಅಷ್ಟೆ’ಯನ್ನು ನಾವು ಕೀಳಾಗಿ ಎಣಿಸಬಾರದು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 1962ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್, ಫ್ರೆಂಚ್ ಶಾಲೆಗಳ ಹತ್ತು ವರ್ಷದ ಮಕ್ಕಳನ್ನು ಮನೆಯ ಆರ್ಥಿಕ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪರೀಕ್ಷಿಸಿದರು. ದ್ವಿಭಾಷಿಕ ಮಕ್ಕಳು ಹಿಂದುಳಿದಿರಲಿಲ್ಲ. ಅನೇಕ ಪರೀಕ್ಷೆಗಳಲ್ಲಿ ಮುಂದಿದ್ದರು. ಎರಡು ಭಾಷೆಗಳಲ್ಲಿಯೂ ಸಮನಾಗಿ ಪಳಗಿದವರನ್ನೇ ಅವರು ಆರಿಸಿಕೊಂಡಿದ್ದರೆಂಬ ಟೀಕೆಯೂ ನ್ಯಾಯವಾದುದೇ. ಆದಕಾರಣ ಎರಡು ಭಾಷೆ ಕಲಿತವರೆಲ್ಲ ಮೇಧಾವಿಗಳಾಗುತ್ತಾರೆಂಬ ಈಚಿನ ಪ್ರಚಾರವನ್ನು ನಾವು ನಂಬಬೇಕಾಗಿಲ್ಲ. ಹಾನಿಯಿಲ್ಲವೆಂಬುದಷ್ಟೇ ನಮಗೆ ಸಾಕು. 1975ರಲ್ಲಿ ಬ್ರಿಟನ್ನಿನ ಬುಲಕ್ ಸಮಿತಿಯೂ ಶಾಲೆಯ ಹೊಸ್ತಿಲಲ್ಲಿ ಮಗು ತನ್ನ ಮನೆಮಾತನ್ನು ಕಳಚಿಟ್ಟು ಬರಬೇಕೆಂದು ನಿರೀಕ್ಷಿಸುವುದು ಸಲ್ಲದೆಂದು ವರದಿ ಕೊಟ್ಟಿತು. ಗ್ರಂಥಗಳಲ್ಲಿ ಹೀಗೆ ತಿದ್ದುಪಡಿಯಾದರೂ, ಹಳೆಯ ಸಲಹೆ ಬಾಯಿಂದ ಬಾಯಿಗೆ ಉಳಿದುಕೊಂಡು ಬಂದಿತು. 1965ರ ಅನಂತರ ಇಲ್ಲಿಗೆ ಬಂದ ನಮ್ಮವರ ಕಿವಿಗೂ ಬಿದ್ದಿತು.

ನಾವು ಅದನ್ನು ಇಷ್ಟು ಸುಲಭವಾಗಿ ನಂಬಿದ್ದೇ ಆಶ್ಚರ್ಯ. ನಾವು ಬಂದ ನಾಡಿನಲ್ಲಿ ಎರಡು ಭಾಷೆಗಳ ಮನೆ ಎಂದಾದರೂ ಸುದ್ದಿಯಾಗಿತ್ತೆ? ಮಂಗಳೂರಿನ ಮಗು ಅಂಗಳದಲ್ಲಿ ತುಳು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕೇಳಿ ಬೆಳೆಯುತ್ತದೆ. ಬೀದರಿನಲ್ಲಿ ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗುಗಳಿವೆ. ಕನ್ನಡಕ್ಕೆ ಜ್ಞಾನಪೀಠವನ್ನು ತಂದವರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಗೊಂದಲವಾಗುತ್ತದೆಂದು ಇವರ ತಾಯಂದಿರಿಗೆ ಯಾರೂ ಹೇಳಲಿಲ್ಲ, ನಮ್ಮ ಪುಣ್ಯ! ಮಾತಿನ ತೊಂದರೆಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿಯೂ, ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿಯೂ ಸ್ಥಾಪನೆಯಾದುದು ನಮ್ಮ ಮೈಸೂರಿನಲ್ಲಿಯೇ. ಭಾಷಾ ಸಂಸ್ಥಾನದ ಮೊದಲ ನಿರ್ದೇಶಕರಾದ ಡಿ. ಪಿ. ಪಟ್ನಾಯಕರು ಹಲವು ಭಾಷೆಗಳ ನಡುವೆ ಬದುಕುವುದೇ ಸಹಜ ಸ್ಥಿತಿಯೆಂದು ಜೀವನದುದ್ದಕ್ಕೂ ವಾದಿಸಿದವರು.

ಹಾಗಾದರೆ ಊರಿನಲ್ಲಿ ತಾನಾಗಿ ಆಗುವುದು ಇಲ್ಲಿ ಏಕೆ ಆಗುವುದಿಲ್ಲ? ಉತ್ತರವನ್ನು ಹುಡುಕಲು ಕಳೆದ ನಾಲ್ಕು ದಶಕಗಳ ಪ್ರಯೋಗಗಳನ್ನು ನೋಡಬೇಕು. ಮೊದಲನೆಯದಂತೂ ಕನ್ನಡಿಗರಿಗೆ ಹೇಳಿಮಾಡಿಸಿದಂತಿದೆ. ಕುದಿಯುವುದಕ್ಕೂ ಕುಡಿಯುವುದಕ್ಕೂ ನಮಗೆ ಇರುವ ವ್ಯತ್ಯಾಸ ಈ ದೇಶದ ನಮ್ಮ ನೆರೆಯವರ ಕಿವಿಗೆ ಬೀಳುವುದಿಲ್ಲ. ಹಲ್ಲಿಗೆ ನಾಲಗೆ ತಾಕಿಸುವ ತಕಾರ, ನಾಲಗೆ ಮಡಿಸುವ ಟಕಾರ ಎರಡೂ ಅವರಿಗೆ ಒಂದೇ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ಈ ಎರಡು ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸಿದುವು. ಹತ್ತರಿಂದ ಹನ್ನೆರಡು ತಿಂಗಳು ತುಂಬುವಷ್ಟರಲ್ಲಿ ಬಹುಪಾಲು ಕೂಸುಗಳಲ್ಲಿ ಆ ಶಕ್ತಿ ಕುಂದಿತ್ತು. ಹಿಂದಿ ಕೇಳಿ ಬೆಳೆದ ಕೂಸುಗಳಲ್ಲಿ ಅದು ಉಳಿದಿತ್ತು. ಮಗು ಮೊದಲ ಮಾತನ್ನಾಡುವ ಮೊದಲೇ ಅದರ ಕಿವಿ ತನ್ನ ಮನೆಯ ಭಾಷೆ ಯಾವುದೆಂದು ತೀರ್ಮಾನಿಸತೊಡಗುತ್ತದೆ. ‘ಇನ್ನೂ ಚಿಕ್ಕದು, ಶಾಲೆಗೆ ಸೇರಿದ ಮೇಲೆ ಕನ್ನಡ ಕಲಿಸಿದರಾಯಿತು’ ಎನ್ನುವವರು ಇದನ್ನು ನೆನೆಯಬೇಕು.

ಎರಡನೆಯದು ಅಮೆರಿಕದ ಸಿಯಾಟಲ್ ನಗರದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದುದು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜೊತೆಗೆ ಚೀನೀ ಭಾಷೆಯವರು ನೆಲದ ಮೇಲೆ ಕುಳಿತು, ಆಟವಾಡಿಸುತ್ತ, ಪುಸ್ತಕ ತೋರಿಸುತ್ತ ಹನ್ನೆರಡು ಬಾರಿ ಮಾತನಾಡಿದರು. ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತುವು. ಅವೇ ಜನರ ಅವೇ ಮಾತುಗಳನ್ನು ಟೆಲಿವಿಷನ್ನಿನಲ್ಲಿ ನೋಡಿದ ಕೂಸುಗಳು, ಧ್ವನಿಮುದ್ರಣವನ್ನಷ್ಟೇ ಕೇಳಿದ ಕೂಸುಗಳು ಏನನ್ನೂ ಕಲಿಯಲಿಲ್ಲ. ಅಕ್ಬರನ ಮಹಲಿನ ಪಾಠ ಇದು, ಯಾವ ಕೂಸಿಗೂ ನೋವಾಗದಂತೆ. ಕನ್ನಡ ಹಾಡುಗಳ ವಿಡಿಯೋ ಹಾಕಿಕೊಟ್ಟು ಅಡುಗೆಮನೆಗೆ ಹೋಗುವ ನಮಗೆ ಇದು ತುಸು ಕಹಿಯೇ. ಆದರೆ 2014ರಲ್ಲಿ ಬಂದ ಇನ್ನೊಂದು ಸಂಶೋಧನೆ ಸಮಾಧಾನ ತರುತ್ತದೆ: ಎರಡು-ಎರಡೂವರೆ ವರ್ಷದ ಮಕ್ಕಳು ಮುದ್ರಿತ ವಿಡಿಯೋದಿಂದ ಹೊಸ ಪದಗಳನ್ನು ಕಲಿಯಲಿಲ್ಲ, ಆದರೆ ಪರದೆಯ ಮೇಲಿನ ವ್ಯಕ್ತಿ ನೇರವಾಗಿ ತಮ್ಮೊಡನೆ ಮಾತನಾಡಿದಾಗ ಕಲಿತುವು. ಕೇಳಿದ್ದಕ್ಕೆ ಉತ್ತರ ಕೊಡುವ, ನಕ್ಕಾಗ ನಗುವ ಮುಖವಿದ್ದರೆ ಪರದೆಯೂ ಅಡ್ಡಿಯಲ್ಲ. ಧಾರವಾಡದ ಅಜ್ಜಿ ಫೋನಿನಲ್ಲಿ ‘ಏನು ಉಂಡಿ ಪುಟ್ಟಾ?’ ಎಂದು ಕೇಳುವ ಹತ್ತು ನಿಮಿಷ, ಗಂಟೆಗಟ್ಟಲೆ ಓಡುವ ಕಾರ್ಟೂನಿಗಿಂತ ಮೇಲು.

ಇಲ್ಲಿ ಕೊರತೆಯಾಗಿರುವುದು ಗಂಟೆಗಳು. ತೊಟ್ಟಿಯ ಮನೆಯಲ್ಲಿ ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ಹಾಲಿನವಳು, ಹೂವಿನವಳು ಎಂದು ಬೆಳಗಿನಿಂದ ರಾತ್ರಿಯವರೆಗೆ ಮಾತು ಮಗುವಿನ ಸುತ್ತ ಹರಿಯುತ್ತಿತ್ತು. ಯಾರೂ ‘ಭಾಷಾ ಬೆಳವಣಿಗೆ’ ಎಂಬ ಹೆಸರನ್ನೇ ಕೇಳಿರಲಿಲ್ಲ. ಇಲ್ಲಿ ಮಗು ಬೆಳಗ್ಗೆ ಎಂಟಕ್ಕೆ ಡೇಕೇರಿಗೆ ಹೋದರೆ ಸಂಜೆ ಆರಕ್ಕೆ ಮರಳುತ್ತದೆ, ಎಂಟೂವರೆಗೆ ಮಲಗುತ್ತದೆ. ಉಳಿದ ಎರಡು ಮೂರು ಗಂಟೆಗಳಲ್ಲಿ ದಣಿದ ಇಬ್ಬರು ಹಿರಿಯರು ಆ ಇಡೀ ತೊಟ್ಟಿಯ ಮನೆಯಾಗಬೇಕು. ಸಾವಿರಕ್ಕೂ ಹೆಚ್ಚು ವಲಸೆಗಾರ ಕುಟುಂಬಗಳನ್ನು ವಿಚಾರಿಸಿ ಲಿಲಿ ವಾಂಗ್ ಫಿಲ್‌ಮೋರ್ 1991ರಲ್ಲಿ ಬರೆದದ್ದೂ ಇದನ್ನೇ: ಶಾಲಾಪೂರ್ವ ವಯಸ್ಸಿನಲ್ಲಿ ಇಂಗ್ಲಿಷಿಗೆ ಇಳಿದ ಮಕ್ಕಳು ಮನೆಮಾತನ್ನು ಕಳೆದುಕೊಂಡರು, ಅದರೊಡನೆ ತಂದೆತಾಯಿಗಳೊಡನೆ ಮನಬಿಚ್ಚಿ ಆಡುವ ಮಾತೂ ಹೋಯಿತು. ಬೆಲ್ಜಿಯಮಿನಲ್ಲಿ ಆನ್ನಿಕ್ ಡಿ ಹೌವರ್ ಸುಮಾರು 1,900 ಕುಟುಂಬಗಳ ಮಾಹಿತಿಯನ್ನು ಆಧರಿಸಿ 2007ರಲ್ಲಿ ತಿಳಿಸಿದಂತೆ, ಅಂಥ ನಾಲ್ಕು ಮನೆಗಳಲ್ಲಿ ಸುಮಾರು ಒಂದು ಮನೆಯ ಮಕ್ಕಳು ಮನೆಮಾತನ್ನು ಆಡುತ್ತಿರಲಿಲ್ಲ. ತಂದೆ-ತಾಯಿ ಇಬ್ಬರೂ ಮನೆಯಲ್ಲಿ ಆ ಭಾಷೆಯನ್ನೇ ಬಳಸಿದ ಕುಟುಂಬಗಳಲ್ಲಿ ಮಾತ್ರ ಅದು ಬಹುಮಟ್ಟಿಗೆ ಖಂಡಿತವಾಗಿ ಉಳಿದಿತ್ತು. ಗಂಡಹೆಂಡಿರಿಬ್ಬರೂ ಕನ್ನಡಿಗರಾಗಿರುವಾಗ ‘ಒಬ್ಬರಿಗೆ ಒಂದು ಭಾಷೆ’ ಎಂದು ರೊಂಜಾರ ಸೂತ್ರವನ್ನು ತಂದು ಒಬ್ಬರು ಇಂಗ್ಲಿಷಿಗೆ ಇಳಿಯುವುದು ಅನಾವಶ್ಯಕ. ಇಂಗ್ಲಿಷಿಗೆ ಹೊರಗಡೆ ಜನ ಸಾಕಷ್ಟಿದ್ದಾರೆ.

ಆ ಎರಡು ಮೂರು ಗಂಟೆಗಳಲ್ಲಿ ಏನು ಮಾಡಬೇಕೆಂದರೆ, ನಮ್ಮ ಅಜ್ಜಿಯರು ಮಾಡುತ್ತಿದ್ದುದನ್ನೇ. ಸ್ನಾನ ಮಾಡಿಸುವಾಗ ಕೈ, ಕಾಲು, ಬೆನ್ನು ಎಂದು ಹೆಸರು ಹೇಳುತ್ತ ನೀರು ಹೊಯ್ಯುವುದು, ತುತ್ತಿಗೊಂದು ಕಥೆ ಹೇಳುವುದು, ಕಣ್ಣಾಮುಚ್ಚಾಲೆ ಆಡುವುದು. ‘ಮಮ್ಮು’, ‘ತಾಚಿ’, ‘ಅಂಬಾ’, ‘ಗುಮ್ಮ’ ಎಂಬ ಮುದ್ದುಮಾತುಗಳನ್ನು ಆಡಲು ನಾಚಬೇಕಾಗಿಲ್ಲ. 1964ರಲ್ಲಿ ಚಾರ್ಲ್ಸ್ ಫರ್ಗುಸನ್ ನಮ್ಮ ನೆರೆಯ ಮರಾಠಿಯೂ ಸೇರಿದಂತೆ ಆರು ಭಾಷೆಗಳ ಮುದ್ದುಮಾತುಗಳನ್ನು ಹೋಲಿಸಿ, ಅವು ಎಲ್ಲೆಡೆಯೂ ಒಂದೇ ಬಗೆಯ ಸರಳ ಕಟ್ಟಡದವೆಂದು ತೋರಿಸಿದರು. ಮಗು ‘ಅಮ್ಮಾ, ಡಾಗ್ ಬಂತು’ ಎಂದರೆ ಗದರಿಸುವುದು ಬೇಡ; ‘ಹೌದು, ನಾಯಿ ಬಂತು, ಕಪ್ಪು ನಾಯಿ’ ಎಂದು ಮಾತು ಮುಂದುವರಿಸಿದರೆ ಪಾಠವಾಯಿತು. ಅತಿಥಿಗಳ ಮುಂದೆ ನಿಲ್ಲಿಸಿ ‘ಅಂಕಲ್‌ಗೆ ಕನ್ನಡದಲ್ಲಿ ಹೇಳು’ ಎಂದು ಪ್ರದರ್ಶನ ಮಾಡಿಸುವ ನಮ್ಮವರ ಚಾಳಿಯನ್ನಂತೂ ನಿಲ್ಲಿಸಬೇಕು. ಹಾಗೆ ಕೇಳಿದಾಗ ಬಾಯಿ ಮುಚ್ಚಿಕೊಳ್ಳುವ ಮಗುವೇ ಬುದ್ಧಿವಂತ ಮಗು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ‘ಗೊಂದಲ’ದ ಭಯ ಹೇಗೆ ಸುಳ್ಳೋ, ‘ಎರಡು ಭಾಷೆ ಅಲ್ಲವೇ, ತಡವಾಗಿಯೇ ಬರುತ್ತದೆ’ ಎಂಬ ಸಮಾಧಾನವೂ ಹಾಗೆಯೇ ಸುಳ್ಳು. ಒಂದು ವರ್ಷ ತುಂಬಿದರೂ ಬಬ್ಬಬ್ಬ ಎಂದು ತೊದಲದ, ಹೆಸರು ಕೂಗಿದರೆ ತಿರುಗದ ಮಗುವನ್ನು, ಎರಡು ವರ್ಷಕ್ಕೆ ಎರಡು ಪದಗಳನ್ನು ಜೋಡಿಸದ ಮಗುವನ್ನು ಕಾಯುತ್ತ ಕೂರಬಾರದು. ಮೊದಲು ಕಿವಿಯ ಪರೀಕ್ಷೆಯಾಗಬೇಕು, ಅನಂತರ ವಾಕ್ ಚಿಕಿತ್ಸಕರ ಭೇಟಿ. ಪದಗಳನ್ನು ಎಣಿಸುವಾಗ ಕನ್ನಡದ್ದನ್ನೂ ಇಂಗ್ಲಿಷಿನದನ್ನೂ ಕೂಡಿಸಿ ಎಣಿಸಬೇಕು. ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಮಯಾಮಿಯ ಸ್ಪ್ಯಾನಿಷ್ ಮನೆಗಳ ಕೂಸುಗಳ ಬಗ್ಗೆ 1993ರಲ್ಲಿ ತೋರಿಸಿದಂತೆ, ಒಂದೇ ಭಾಷೆಯಲ್ಲಿ ಎಣಿಸಿದರೆ ಕಡಿಮೆ ಕಂಡರೂ ಎರಡನ್ನೂ ಸೇರಿಸಿದರೆ ಅವು ಇತರ ಮಕ್ಕಳಿಗೆ ಸಮನಾಗಿಯೇ ಇದ್ದುವು. ಮಾತಿನ ತೊಂದರೆ ನಿಜವಾಗಿಯೇ ಇದ್ದರೂ ಕನ್ನಡವನ್ನು ನಿಲ್ಲಿಸುವುದು ಚಿಕಿತ್ಸೆಯಲ್ಲ. ಅದು ಎರಡು ಭಾಷೆಗಳಲ್ಲಿಯೂ ಕಾಣಿಸುವ ತೊಂದರೆ, ಒಂದನ್ನು ಕಿತ್ತೊಗೆದರೆ ಇನ್ನೊಂದು ನೆಟ್ಟಗಾಗುವುದಿಲ್ಲ.

ಇದಕ್ಕೆ ಕಾನೂನಿನ ಬೆಂಬಲವೂ ಉಂಟು, ಅದೂ ಹೋರಾಟದಿಂದ ಬಂದುದು. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷ್ ಪರೀಕ್ಷೆಯ ಆಧಾರದಿಂದ ಮಂದಬುದ್ಧಿಯವರ ತರಗತಿಗೆ ಹಾಕಲಾಗಿತ್ತು. ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಬಹುಪಾಲು ಮಕ್ಕಳು ಆ ತರಗತಿಗೆ ಸೇರತಕ್ಕವರೇ ಅಲ್ಲವೆಂದು ಹೊರಬಿತ್ತು. ‘ಡಯಾನಾ ಪ್ರಕರಣ’ವೆಂದು ಹೆಸರಾದ ಈ 1970ರ ವ್ಯಾಜ್ಯದ ತರುವಾಯ, 1975ರ ಕೇಂದ್ರ ಕಾಯಿದೆ ಮಗುವನ್ನು ಸಾಧ್ಯವಿದ್ದಷ್ಟೂ ಅದರ ಮನೆಮಾತಿನಲ್ಲಿ ಪರೀಕ್ಷಿಸಬೇಕೆಂದು ವಿಧಿಸಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಆರಂಭದ ನೆರವಿನ ವ್ಯವಸ್ಥೆ 1986ರಲ್ಲಿ ಅದಕ್ಕೆ ಸೇರಿತು; ಅದರಡಿಯಲ್ಲಿ ನಡೆಯುವ ಪರೀಕ್ಷೆಗೆ ತಂದೆತಾಯಿಗಳು ಹಣ ಕೊಡಬೇಕಾಗಿಲ್ಲ. ಶಾಲೆಯ ಅರ್ಜಿಯಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಎಂಬ ಕಾಲಮಿನ ಮುಂದೆ, ಮಗುವನ್ನು ಬೇರೆ ತರಗತಿಯಲ್ಲಿ ಕೂರಿಸಿಯಾರೆಂಬ ಅಳುಕಿನಿಂದ ನಮ್ಮವರಲ್ಲಿ ಅನೇಕರು ‘ಇಂಗ್ಲಿಷ್’ ಎಂದೇ ಬರೆಯುತ್ತಾರೆ. ಹಾಗೆ ಬರೆದ ಮಗುವಿಗೆ ಮುಂದೆ ಮಾತಿನ ಪರೀಕ್ಷೆಯಾಗುವಾಗ ಕನ್ನಡ ಬಲ್ಲ ದುಭಾಷಿಯನ್ನು ಕರೆಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ‘ಕನ್ನಡ’ ಎಂದು ಬರೆಯಲು ಒಂದು ಪದದಷ್ಟು ಜಾಗ ಸಾಕು.